ನಕ್ಕರೆ ಬೀಳುವವಳು

ಹಳೇ ಹುಬ್ಬಳ್ಳಿ
೧೮ ಆಗಸ್ಟ್ ೨೦೨೪

ಭಾಗಿ,

ಅಕ್ಕನ ಆಶೀರ್ವಾದ. ಫೋನು ಇರುವಾಗ ಇದೇನು ಕಾಗದ ಎಂದು ನಗಬೇಡ. ನೀನು ನಕ್ಕರೆ ನಡೆಯುತ್ತದೆ, ನಾನು ನಕ್ಕರೆ ನಡೆಯುವುದಿಲ್ಲ, ಅದಕ್ಕೇ ಕಾಗದ. ಹೋದ ವಾರ ನೀನು ವಿಡಿಯೋ ಕಾಲ್ ಮಾಡಿದಾಗ ದಾನವ್ವ ಮೂಗಿಗೆಲ್ಲ ಅನ್ನ ಮೆತ್ತಿಕೊಂಡು ನನ್ನತ್ತ ನೋಡಿದಳಲ್ಲ, ಅಷ್ಟಕ್ಕೇ ನನ್ನ ದವಡೆ ಜೋತುಬಿತ್ತು, ಮೊಳಕಾಲು ಕಳಚಿದವು, ಫೋನು ಕೈಬಿಟ್ಟು ಬಚ್ಚಲಿಗೆ ಹೋಯಿತು. ಅತ್ತೆ ಅದನ್ನು ಎತ್ತಿ ಒರೆಸಿ ತಮ್ಮ ಟ್ರಂಕಿನಲ್ಲಿ ಹಾಕಿ ಕೀಲಿ ಜಡಿದರು. "ನಿನಗ ಫೋನ್ ಯಾಕ ಬೇಕ ಬೇ? ಹೆತ್ತ ಕೂಸಿನ ನೋಡಿ ಬೀಳಾಕೇನು?" ಎಂದರು. ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಆದರೆ ಛಲೋ ಉತ್ತರ ಹೊಳೆದರೂ ನಾನು ಬೀಳುತ್ತೇನೆ. ಗೋಡೆ ಹಿಡಿದು ಕೂತೆ.

ಕಾಗದವಾದರೆ ಮಲಗಿಕೊಂಡು ಓದಬಹುದು. ಸಂತೋಷದ ಸಾಲು ಬಂದರೆ ಮಡಚಿಟ್ಟು, ತಣ್ಣಗಾದ ಮೇಲೆ ಮತ್ತೆ ಬಿಡಿಸಬಹುದು. ನಿನ್ನ ಮಾಮಾ ಅಡತಿ ಅಂಗಡಿಯ ಕೆಲಸಕ್ಕೆ ಧಾರವಾಡಕ್ಕೆ ಬಂದಾಗ ಅವರ ಕೈಯಲ್ಲೇ ಕೊಟ್ಟು ಕಳಿಸು. ನನ್ನ ಗಂಡನಲ್ಲಿ ಅದೊಂದು ಗುಣ ಛಲೋದು, ಏನನ್ನೂ ಬಿಡಿಸಿ ಓದುವುದಿಲ್ಲ. ನನ್ನ ಮುಖವನ್ನೂ ಓದುವುದಿಲ್ಲ.

ಸತ್ತೂರಿನ ಡಾಕ್ಟರು ಕೊನೆಗೂ ನನ್ನ ಬ್ಯಾನಿಗೆ ಒಂದು ಹೆಸರು ಹೇಳಿದರು, ಕ್ಯಾಟಪ್ಲೆಕ್ಸಿ. ನರದ್ದು, ಬಹಳ ಅಪರೂಪದ್ದಂತೆ. ಮಿದುಳಿನಲ್ಲಿ ಎಚ್ಚರ ಕಾಯುವ ಯಾವುದೋ ರಸ ಬತ್ತಿಹೋಗಿದೆಯಂತೆ. ಅದಕ್ಕೇ ಹಾಡುಹಗಲೇ ಕಣ್ಣು ಎಳೆಯುತ್ತದೆ, ರಾತ್ರಿ ನಿದ್ದೆ ಹರಿದು ಹರಿದು ಬರುತ್ತದೆ. ನಗು ಬಂದರೆ, ಖುಷಿಯಾದರೆ, ಒಮ್ಮೊಮ್ಮೆ ಸಿಟ್ಟು ಬಂದರೂ ಮೈಯೆಲ್ಲ ಒಮ್ಮೆಲೇ ಕೈಬಿಡುತ್ತದೆ. ದುಃಖಕ್ಕೆ ಮಾತ್ರ ಬೀಳುವುದಿಲ್ಲ ನೋಡು. ಅಪ್ಪ ಸತ್ತಾಗ ನಾನು ಕಂಬದ ಹಾಗೆ ನಿಂತಿದ್ದೆ. ಶಿವ ಎಂಥ ಲೆಕ್ಕ ಹಾಕಿ ಕೊಟ್ಟಿದ್ದಾನೆ!

ದಾನವ್ವ ಐದು ತಿಂಗಳ ಕೂಸಿದ್ದಾಗ ಮೊದಲ ಸಲ ಗದ್ದಲ ಮಾಡಿ ನಕ್ಕಳು. ನಾನು ಎತ್ತಿಕೊಂಡಿದ್ದೆ. ಇಬ್ಬರೂ ಬಿದ್ದೆವು. ಅವಳ ಹುಬ್ಬಿನ ಮೇಲೆ ಕಟ್ಟೆಯ ಅಂಚು ತಾಗಿದ ಗುರುತು ಇನ್ನೂ ಇದೆಯಲ್ಲ? ಮರುದಿನವೇ ಅತ್ತೆ ಮಾವ ಕೂಸನ್ನು ನಿನ್ನ ಮನೆಗೆ ಕಳಿಸಿದರು, ಅದಾಗಿ ವರ್ಷವಾಯಿತು. ನಾನೂ ಬೇಡ ಅನ್ನಲಿಲ್ಲ. ಗುಳಿಗೆ ಮೈಗೆ ಹತ್ತುವ ತನಕ ನಿನ್ನ ಹತ್ತಿರ ಇರಲಿ.

ಒಂದೇ ಒಂದು ಕೇಳುತ್ತೇನೆ. ಅವಳು ನಿನ್ನನ್ನು ಏನು ಬೇಕಾದರೂ ಕರೆಯಲಿ, ಅವ್ವ ಎಂದು ಮಾತ್ರ ಕಲಿಸಬೇಡ. ಅದೊಂದು ಮಾತು ನನಗಾಗಿ ತೆಗೆದಿಡು.

ಕಾಗದದಲ್ಲಿ ಮಳೆ, ರೇಷನ್ನು, ನಿನ್ನ ಅತ್ತೆಯ ಮಂಡಿನೋವು, ಇಂಥದ್ದನ್ನೇ ಬರೆ. ಕೂಸಿನ ಸುದ್ದಿ ಉಪ್ಪಿನಷ್ಟು ಇರಲಿ.

ನಿನ್ನ ಅಕ್ಕ
ದಾಕ್ಷಾಯಿಣಿ


ಕೆಲಗೇರಿ, ಧಾರವಾಡ
೨೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಅಕ್ಕಾ,

ಶರಣು. ನೀನು ಹೇಳಿದ ಹಾಗೆ ಮೊದಲು ಬೇಜಾರಿನದು. ಕೆರೆಯ ಕಡೆಯಿಂದ ಸೊಳ್ಳೆ ಬಂದು ಮನೆ ತುಂಬಿವೆ. ಅತ್ತೆಗೆ ಮಂಡಿನೋವು ಹೋಗಿ ಸೊಂಟನೋವು ಬಂದಿದೆ. ನಳ ವಾರಕ್ಕೊಮ್ಮೆ ಬರುತ್ತದೆ. ಸಾಕಲ್ಲ?

ಈಗ ಮಲಗಿಕೋ. ಕೂಸು ಅರಾಮ ಇದೆ. ಮಾತು ಸ್ವಲ್ಪ ತಡ. ನಮ್ಮವರು ಕರೆಯುವುದನ್ನು ಕೇಳಿ ಕೇಳಿ ನನ್ನನ್ನು "ಭಾಗೀ" ಅನ್ನುತ್ತಾಳೆ. ಅವ್ವ ಎಂಬ ಮಾತನ್ನು ನಿನಗೇ ಇಟ್ಟಿದ್ದೇನೆ, ಚಿಂತೆ ಬಿಡು. ನಮ್ಮ ಕಾಲನಿಯವರಿಗೆ ದಾನವ್ವ ಎಂದರೆ ಮುದುಕಿಯ ಹೆಸರು ಅನ್ನಿಸುತ್ತದೆಯಂತೆ, ಅದಕ್ಕೆ ದಾನ್ವಿ ಎಂದು ಕರೆಯುತ್ತೇವೆ. ಸಿಟ್ಟಾಗಬೇಡ ಮತ್ತೆ, ಬಿದ್ದುಗಿದ್ದೀಯಾ!

ಅಕ್ಕಾ, ಒಂದು ಮಾತು. ಮದುವೆಯಾಗಿ ಆರು ವರ್ಷ ಈ ಮನೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಯಾರದಾದರೂ ಸೀಮಂತ ಬಂದರೆ ಅತ್ತೆ ನನ್ನನ್ನು ಅಡುಗೆಮನೆಯಲ್ಲೇ ಇರು ಅನ್ನುತ್ತಿದ್ದರು. ಕೂಸು ಬಂದಾಗಿನಿಂದ ಅವರು ನನಗೆ ಚಹಾ ಮಾಡಿ ಕೊಡುತ್ತಾರೆ. ಇದೆಲ್ಲ ನಿನ್ನ ಪುಣ್ಯ.

ನಿನ್ನ
ಭಾಗ್ಯಶ್ರೀ


ಹಳೇ ಹುಬ್ಬಳ್ಳಿ
೨೪ ನವೆಂಬರ್ ೨೦೨೪

ಭಾಗಿ,

ದಾನ್ವಿಯಂತೆ ದಾನ್ವಿ. ನಮ್ಮ ಮುತ್ತಜ್ಜಿಯ ಹೆಸರು ಅದು, ಅವಳು ಕೇಳಿದ್ದರೆ ನಿನ್ನ ಕಾಲನಿಯನ್ನು ಗುಡಿಸಿ ಹಾಕುತ್ತಿದ್ದಳು. ಇರಲಿ.

ನನ್ನ ದಿನ ಹೇಗಿದೆ ಎಂದು ಇವರ ಹತ್ತಿರ ಕೇಳಿದ್ದೀಯಂತೆ. ಕೇಳು. ಮುಂಜಾನೆ ಕಣ್ಣು ಬಿಟ್ಟಿರುತ್ತೇನೆ, ಕೈಕಾಲು ಆಡುವುದಿಲ್ಲ, ಎದೆಯ ಮೇಲೆ ಯಾರೋ ಕೂತಿರುತ್ತಾರೆ. ನೋಡಿದರೆ ಒಮ್ಮೊಮ್ಮೆ ನನ್ನ ಅತ್ತೆ ಮುರಿಗೆವ್ವನೇ. ಅದು ಎಚ್ಚರದ ಜೊತೆ ಬೆರೆತ ಕನಸು ಎನ್ನುತ್ತಾರೆ ಡಾಕ್ಟರು. ಇರಬಹುದು, ಹಗಲಿನಲ್ಲೂ ಆಕೆ ಕೂತಿರುವುದು ಅಲ್ಲೇ ಅಲ್ಲವೇ? ಎದ್ದ ಮೇಲೆ ರೊಟ್ಟಿಗೆ ಕೂರುತ್ತೇನೆ. ಬಡಿಯುತ್ತ ಬಡಿಯುತ್ತ ನಿದ್ದೆ ಬಂದುಬಿಡುತ್ತದೆ, ಕೈ ಮಾತ್ರ ಬಡಿಯುತ್ತಲೇ ಇರುತ್ತದೆ. ಮೊನ್ನೆ ಎಚ್ಚರಾದಾಗ ರೊಟ್ಟಿ ಹರಿದು ಚೂರಾಗಿತ್ತು, ಹಂಚಿನ ಮೇಲಿನದು ಇದ್ದಿಲಾಗಿತ್ತು. "ಉಂಡು ಮಲಗೂದ ಒಂದ ಕಲಿಸ್ಯಾರ ತವರಾಗ" ಎಂದರು ಅತ್ತೆ. ಗುಳಿಗೆ ನುಂಗಿದರೆ ತಲೆ ಭಾರ, ಬಾಯಿ ಒಣಗುತ್ತದೆ. ಬಿಟ್ಟರೆ ನೆಲವೇ ಗತಿ.

ದೀಪಾವಳಿಗೆ ಇವರ ಕಾಕಾನ ಮಕ್ಕಳು ಬಂದಿದ್ದರು. ವೈನಿಯನ್ನು ಯಾರು ಬೀಳಿಸುತ್ತಾರೆ ಎಂದು ಪಂಥ ಕಟ್ಟಿದರು. ಒಬ್ಬ ನನ್ನ ಮಾವ ಕುಬೇರಪ್ಪನವರ ಹಾಗೆ ಧೋತರ ಎತ್ತಿ ಹಿಡಿದು, ಹೊಟ್ಟೆ ಮುಂದೆ ಮಾಡಿ, ಪಡಸಾಲೆಯ ತುಂಬ ನಡೆದು ತೋರಿಸಿದ. ನಾನು ಕರ್ಚಿಕಾಯಿಯ ಬುಟ್ಟಿಯ ಮೇಲೆ ಬಿದ್ದೆ. ಅವರು ಚಪ್ಪಾಳೆ ಹೊಡೆದರಂತೆ. ನನ್ನ ಗಂಡನೂ ಹೊಡೆದರಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಪಕ್ಕದ ಮನೆಯ ಬಳೆಗಾರ್ತಿ ಬಿಬಿಜಾನ ಓಡಿ ಬಂದು ನನ್ನ ಮುಷ್ಟಿಯಲ್ಲಿ ಕಬ್ಬಿಣದ ಕೀಲಿಕೈ ಹಿಡಿಸಿ ಎಲ್ಲರನ್ನೂ ಬೈದಳು. ಇದು ಫಿಟ್ಸ್ ಅಲ್ಲ, ಕೀಲಿಕೈಗೆ ಹೋಗುವುದಿಲ್ಲ ಎಂದು ಹೇಳಲು ಮನಸ್ಸು ಬರಲಿಲ್ಲ. ಓಣಿಯಲ್ಲಿ ನನಗಾಗಿ ಓಡಿ ಬರುವವಳು ಅವಳೊಬ್ಬಳೇ.

ಈಗ ಒಂದು ಉಪಾಯ ಕಂಡುಕೊಂಡಿದ್ದೇನೆ, ಯಾರಿಗೂ ಹೇಳಿಲ್ಲ. ಖುಷಿ ಉಕ್ಕಿ ಬರುವ ಹೊತ್ತಿಗೆ ಸರಿಯಾಗಿ ಅಪ್ಪನನ್ನು ನೆನೆಯುತ್ತೇನೆ. ಬದುಕಿದ್ದ ಅಪ್ಪನನ್ನಲ್ಲ. ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಗಲ್ಲಕ್ಕೆ ಬಿಳಿ ಅರಿವೆ ಕಟ್ಟಿದ್ದರಲ್ಲ, ಆ ಅಪ್ಪನನ್ನು. ಆ ಮುಖ ಕಣ್ಣ ಮುಂದೆ ಬಂತೆಂದರೆ ಖುಷಿ ಅಲ್ಲೇ ಸತ್ತುಬೀಳುತ್ತದೆ, ಕಾಲು ನಿಲ್ಲುತ್ತವೆ. ಗುಳಿಗೆಯೂ ಹತ್ತುತ್ತಿದೆ. ದೀಪಾವಳಿಯಾದ ಮೇಲೆ ಬಿದ್ದಿಲ್ಲ. ನನ್ನ ಕೂಸನ್ನು ಎತ್ತಿಕೊಳ್ಳುವ ದಿನ ಹತ್ತಿರ ಬಂತು ಭಾಗಿ.

ನಿನ್ನ ಅಕ್ಕ
ದಾಕ್ಷಾಯಿಣಿ


ಕೆಲಗೇರಿ
೧೨ ಜನವರಿ ೨೦೨೫

ಪ್ರೀತಿಯ ಅಕ್ಕಾ,

ನಿನಗೆ ಗುಣವಾಗುತ್ತಿದೆ ಎಂದು ಓದಿ ಬಹಳ ಸಂತೋಷವಾಯಿತು. ಬೀಳದಂಥ ಸಂತೋಷ ನನ್ನದು.

ನಿನ್ನ ಕಿವಿಗೆ ಬೇರೆಯವರಿಂದ ಬೀಳುವುದಕ್ಕಿಂತ ನಾನೇ ಹೇಳುವುದು ಛಲೋ. ಸಂಕ್ರಾಂತಿಗೆ ಕರೆಯಲೆಂದು ಮೊನ್ನೆ ನಿನ್ನ ಅತ್ತೆ ಮಾವ ನಮ್ಮ ಮನೆಗೆ ಬಂದಿದ್ದರು. ಕೂಸನ್ನು ನನ್ನ ಉಡಿಯಲ್ಲಿ ಹಾಕಿಬಿಡಬೇಕು, ಅಂದರೆ ದತ್ತು ಕೊಡಬೇಕು ಎಂದು ನಮ್ಮ ಅತ್ತೆ ಕೇಳಿದರು. "ಹೆಣ್ಣಕೂಸು ಐತಿ, ಎಲ್ಲಿ ಬೆಳದರೇನು?" ಎಂದರು ನಿನ್ನ ಅತ್ತೆ. ನಾನೇನು ಅನ್ನಲಿ, ಅಕ್ಕಾ? ಬೇಡ ಎಂದರೆ ಈ ಮನೆಯಲ್ಲಿ ನನಗೆ ಮತ್ತೆ ಅಡುಗೆಮನೆಯ ಮೂಲೆ.

ನೀನು ಅಪ್ಪನನ್ನು ನೆನೆಯುವ ಉಪಾಯ ಓದಿ ನನಗೆ ಅಳು ಬಂತು. ಅದು ಯಾವಾಗಲೂ ಕೆಲಸ ಮಾಡುತ್ತದೆಯೇ? ಅದಕ್ಕೂ ಮೀರಿದ್ದು ಏನಾದರೂ ಬಂದರೆ? ನಿನ್ನ ಮೇಲಿನ ಕಾಳಜಿಯಿಂದ ಕೇಳುತ್ತೇನೆ.

ನಿನ್ನ
ಭಾಗ್ಯಶ್ರೀ


ಹಳೇ ಹುಬ್ಬಳ್ಳಿ
೧೬ ಫೆಬ್ರವರಿ ೨೦೨೫

ಭಾಗಿ,

ನಿನ್ನ ಕಾಗದ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಮಾವನ ಮುಂದೆ ಹೋಗಿ ನಿಂತೆ. ತಲೆಯ ಮೇಲೆ ಸೆರಗಿರಲಿಲ್ಲ, ನೆನಪೇ ಆಗಲಿಲ್ಲ. "ನನ್ನ ಕೂಸಿನ ಕೊಡಾಕ ನೀವ್ಯಾರ್ರಿ?" ಎಂದೆ. ಅಷ್ಟು ಸಿಟ್ಟಿನಲ್ಲೂ ಬೀಳಲಿಲ್ಲ.

ಅತ್ತೆ ಕೂಗಾಡಿದರು. ನನ್ನ ಗಂಡ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತರು. ಮಾವ ಅಡಿಕೆ ಕತ್ತರಿಸುತ್ತ ತೀರ್ಪು ಹೇಳಿದರು. "ಯುಗಾದಿ ಮುಗದ ಮ್ಯಾಲ ಕೂಸಿನ ಜಾವಳ ಐತಿ. ತಲಿ ಬೋಳಿಸಿ ಎರದ ಮ್ಯಾಲ ಬಚ್ಚಲದಿಂದ ದೇವರ ಜಗಲಿತನಾ ತಾಯಿ ಹೊತಗೊಂಡು ಹೋಗೂದು ಪದ್ಧತಿ. ಹೊತಗೊಂಡು ಹೋಗು. ಬೀಳಲಿಲ್ಲಂದ್ರ ಕೂಸು ನಿಂದು. ಬಿದ್ದೆಂದ್ರ ಅಲ್ಲೇ ನಿನ್ನ ತಂಗಿ ಉಡಿಯಾಗ ಹಾಕತೇನಿ. ಆಮ್ಯಾಲ ಮಾತಿಲ್ಲ." ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ಕೇಳಿದ್ದೆ. ಇವರು ಸ್ವಂತ ಮೊಮ್ಮಗಳನ್ನೇ ಇಳಿಬಿಡುತ್ತಿದ್ದಾರೆ.

ನಾನು ಹೂಂ ಎಂದೆ. ದಿನಾ ತಾಲೀಮು ನಡೆಸಿದ್ದೇನೆ. ಜೋಳದ ಚೀಲ ಅಪ್ಪಿಕೊಂಡು ಬಚ್ಚಲಿನಿಂದ ಜಗಲಿಗೆ ನಡೆಯುತ್ತೇನೆ. ಬಿಬಿಜಾನ ದಾರಿಯಲ್ಲಿ ನಿಂತು ನಗಿಸಲು ನೋಡುತ್ತಾಳೆ. ಹಲ್ಲಿಲ್ಲದ ಬಾಯಲ್ಲಿ ಸಿನಿಮಾ ಹಾಡು ಹೇಳುತ್ತಾಳೆ, ಕುಣಿಯುತ್ತಾಳೆ. ಅಪ್ಪನ ಗಲ್ಲದ ಅರಿವೆ ನೆನೆಯುತ್ತ ದಾಟಿಬಿಡುತ್ತೇನೆ.

ಅಪ್ಪನಿಗೂ ಮೀರಿದ್ದು ಏನೆಂದು ಕೇಳಿದೆಯಲ್ಲ? ಇಲ್ಲ. ಅವಳು ನಗಲಿ, ಅಳಲಿ, ನನ್ನ ಮೂಗು ಹಿಡಿಯಲಿ, ನಾನು ನಿಲ್ಲುತ್ತೇನೆ. ಅವ್ವಾ ಎಂದು ಕರೆದರೆ ಮಾತ್ರ ನಾನು ಹೋದೆ. ಸತ್ತ ಅಪ್ಪ ಎದ್ದು ಬಂದರೂ ಆಗ ನನ್ನನ್ನು ಹಿಡಿದು ನಿಲ್ಲಿಸಲಾರ. ಆದರೆ ಆ ಮಾತು ಅವಳಿಗೆ ಗೊತ್ತಿಲ್ಲವಲ್ಲ, ನೀನು ತೆಗೆದಿಟ್ಟಿದ್ದೀಯಲ್ಲ. ಈ ಮನೆಗೆ ಬಂದ ಮೇಲೆ, ಒಂದು ಹಾಸಿಗೆ ಹಾಸಿಕೊಂಡು ಅದರ ಮೇಲೆ ಮಲಗಿ, ನಾನೇ ಕಲಿಸುತ್ತೇನೆ. ಎಷ್ಟು ಸಲ ಬೇಕಾದರೂ ಅನ್ನಲಿ.

ನಿನಗೆ ಕಷ್ಟವಾಗುತ್ತದೆ, ಗೊತ್ತು. ನಿನ್ನ ಅತ್ತೆಯ ಚಹಾ ನಿಲ್ಲುತ್ತದೆ. ಆದರೂ ನೀನು ನನ್ನ ಕಡೆ ನಿಲ್ಲುತ್ತಿ ಎಂದು ನಂಬಿದ್ದೇನೆ.

ನಿನ್ನ ಅಕ್ಕ
ದಾಕ್ಷಾಯಿಣಿ


ಕೆಲಗೇರಿ
೨೩ ಮಾರ್ಚ್ ೨೦೨೫

ಅಕ್ಕಾ,

ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನೀನು ಏನೂ ಕಾಳಜಿ ಮಾಡಬೇಡ. ಜಾವಳದ ದಿನ ನಾನು ನಿನ್ನ ಮುಂದೆಯೇ ನಡೆಯುತ್ತೇನೆ. ನೀನು ತಪ್ಪಿದರೂ ಕೂಸು ನೆಲ ಮುಟ್ಟದ ಹಾಗೆ ನೋಡಿಕೊಳ್ಳುವುದು ನನ್ನ ಹೊಣೆ. ಕೂಸಿಗೆ ಹಸಿರು ಪರಕಾರ ಹೊಲಿಸಿದ್ದೇನೆ.

ಭಾಗ್ಯಶ್ರೀ


ಕೆಲಗೇರಿ
೨೭ ಏಪ್ರಿಲ್ ೨೦೨೫

ಅಕ್ಕಾ,

ಇದನ್ನು ನಾನೇ ಬರೆಯಬೇಕು. ನಿನಗೆ ನೆನಪಿರಲಿಕ್ಕಿಲ್ಲ, ಹೇಗಾಯಿತೆಂದು ಹೇಳುತ್ತೇನೆ. ಸೋದರಮಾವನೆಂದು ನಮ್ಮ ಅಣ್ಣನ ತೊಡೆಯ ಮೇಲೆ ಕೂರಿಸಿ ತಲೆ ಬೋಳಿಸಿದಾಗ ಕೂಸು ಅತ್ತಿತು, ಎರೆದ ಮೇಲೆ ಸುಮ್ಮನಾಯಿತು. ತಲೆಗೆ ಗಂಧ ಹಚ್ಚಿ ನಿನ್ನ ಕೈಗೆ ಕೊಟ್ಟರು. ನೀನು ಎಷ್ಟು ಛಲೋ ನಡೆದೆ! ಪಡಸಾಲೆ ದಾಟಿದೆ, ಕಾಕಾನ ಮಕ್ಕಳು ಕೆಮ್ಮಿದರೂ ತಿರುಗಿ ನೋಡಲಿಲ್ಲ. ದೇವರ ಕೋಣೆಯ ಹೊಸ್ತಿಲಲ್ಲಿ ಕೂಸು ನಿನ್ನ ಗಲ್ಲ ಹಿಡಿ‍ದು, ಯಾರು ಕಲಿಸಿದ್ದರೋ ಏನೋ, "ಅವ್ವಾ" ಎಂದುಬಿಟ್ಟಿತು.

ಕೂಸಿಗೆ ಏನೂ ಆಗಿಲ್ಲ, ನಾನು ಹಿಡಿದುಕೊಂಡೆ. ನೀನು ಮೂರ್ಛೆ ಹೋಗಿದ್ದೆ. ನಾನು ನಿನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಎಷ್ಟು ಅತ್ತೆ, ನಿನಗೆ ಹೇಗೆ ಗೊತ್ತಾಗಬೇಕು? ನಿನ್ನ ಮಾವನವರು ಅಲ್ಲೇ ಕೂಸನ್ನು ನನ್ನ ಉಡಿಯಲ್ಲಿ ಹಾಕಿದರು. ಬೇಡ ಬೇಡ ಎಂದೆ. ಯಾರೂ ಕೇಳಲಿಲ್ಲ. ದೇವರ ಇಚ್ಛೆ ಎಂದು ತಿಳಿದು ಸಮಾಧಾನ ಮಾಡಿಕೋ.

ನಿನ್ನ
ಭಾಗ್ಯಶ್ರೀ


ಹಳೇ ಹುಬ್ಬಳ್ಳಿ
೧೮ ಮೇ ೨೦೨೫

ಭಾಗ್ಯಶ್ರೀ,

ನಾನು ಮೂರ್ಛೆ ಹೋಗುವುದಿಲ್ಲ. ಎಂದೂ ಹೋಗಿಲ್ಲ. ಮೈ ಬೀಳುತ್ತದೆ, ನಾಲಿಗೆ ಬೀಳುತ್ತದೆ, ರೆಪ್ಪೆ ಮುಚ್ಚುತ್ತದೆ. ಕಿವಿ ಬೀಳುವುದಿಲ್ಲ. ಸತ್ತೂರಿನ ಡಾಕ್ಟರು ಇದನ್ನು ಮೊದಲ ದಿನವೇ ಹೇಳಿದ್ದರು. ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ನಿನಗೂ ಹೇಳಲಿಲ್ಲ. ಮೊದಲ ಸಲ ಬಿದ್ದಾಗ ನನ್ನ ತಲೆಯ ಮೇಲೆ ನಿಂತು ಇವರೆಲ್ಲ ಆಡಿದ ಮಾತು ಕೇಳಿದ್ದೆ, ನನಗೆ ಕೇಳುತ್ತದೆ ಎಂದು ಗೊತ್ತಾದರೆ ಇವರ ಜೊತೆ ಬಾಳುವುದು ಹೇಗೆ ಎಂದು ಹೆದರಿದ್ದೆ.

ಅಂದು ಕೇಳಿದ್ದನ್ನು ಹೇಳಲೇ? "ಇನ್ನೂ ಯಾಕ ಬಿದ್ದಿಲ್ಲಂತ ನೋಡಾಕತ್ತಿದ್ದೆ" ಎಂದರು ಅತ್ತೆ. ನನ್ನ ಗಂಡ "ಎಲಿ ಹಾಕ್ರಿ, ಮಂದಿ ಹಸದಾರ" ಎಂದರು. ನನ್ನನ್ನು ದಾಟಿಕೊಂಡು ಜನ ಊಟಕ್ಕೆ ಹೋದರು. ನನ್ನ ತಲೆ ಯಾರ ತೊಡೆಯ ಮೇಲೂ ಇರಲಿಲ್ಲ ಭಾಗ್ಯಶ್ರೀ, ಹೊಸ್ತಿಲ ಮೇಲಿತ್ತು. ಮತ್ತೆ ನೀನು, ಕೂಸಿನ ಕಿವಿಯ ಹತ್ತಿರ, ಸಣ್ಣ ದನಿಯಲ್ಲಿ, "ಜಾಣಿ! ಗಲ್ಲಾ ಹಿಡದು ಅನ್ನು ಅಂದಿದ್ನಲ್ಲಾ, ಹಂಗ ಅಂದಿ ನೋಡು. ನಡಿ, ನಮ್ಮ ಮನಿಗೆ ಹೋಗೂಣು."

ನಾನು ಬೀಳುವ ಮೊದಲೇ ನಿನ್ನ ಎರಡೂ ಕೈ ಚಾಚಿದ್ದವು. ಅದನ್ನು ಕಣ್ಣು ಮುಚ್ಚುವ ಮುಂಚೆ ನೋಡಿದ್ದೆ.

ಎದ್ದ ಮೇಲೆ ಮಾವನಿಗೆ ಹೇಳಿದೆ. "ತಂಗಿ ಕಲಿಸಿ ಕರ್ಕೊಂಡ ಬಂದಾಳ್ರಿ" ಎಂದೆ. "ತಾಯಿಗೆ ಅವ್ವಾ ಅನ್ನೂದ ಕಲಿಸಿದ್ರ ತಪ್ಪೇನ ಐತಿ? ಪುಣ್ಯಾತಗಿತ್ತಿ ಆಕಿ" ಎಂದರು ಅತ್ತೆ. ಎಂಥ ಕೆಲಸ ಮಾಡಿದೆಯೇ! ವಿಷ ಹಾಕಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಹಾಲು ಕುಡಿಸಿ ಕೊಂದೆ, ಯಾರ ಮುಂದೆ ಹೇಳಲಿ? ನಂಬಿಸಿ ಕುತ್ತಿಗೆ ಕೊಯ್ದೆ, ಚೂರಿಯನ್ನು ನಾನೇ ಬರೆದು ಕಳಿಸಿದ್ದೆ.

ಇನ್ನೂ ಒಂದು ತಿಳಿದುಕೋ. ಆ ಮಾತು ಕೇಳಿದೆನಲ್ಲ, ಅದರ ಸುಖ ಎಷ್ಟಿತ್ತೆಂದರೆ ಏಳಲು ಹೋದ ಹಾಗೆಲ್ಲ ಮತ್ತೆ ನೆನಪಾಗಿ ಮತ್ತೆ ಬಿದ್ದೆ. ನೀವೆಲ್ಲ ಹೋಳಿಗೆ ಉಣ್ಣುವ ತನಕ ನಾನು ಅಲ್ಲೇ ಬಿದ್ದಿದ್ದೆ.

ದಾಕ್ಷಾಯಿಣಿ


ಕೆಲಗೇರಿ
೬ ಜುಲೈ ೨೦೨೫

ಅಕ್ಕಾ,

ಹೌದು, ಕಲಿಸಿದೆ. ನಿನ್ನ ಫೋಟೋ ತೋರಿಸಿ ದಿನಾ ಕಲಿಸಿದೆ. ಬೈಯುವುದನ್ನು ಬೈದುಬಿಡು. ಬಂಜೆ ಅನ್ನಿಸಿಕೊಂಡು ಆರು ವರ್ಷ ಬಾಳಿ ನೋಡು, ಆಮೇಲೆ ನನಗೆ ಬುದ್ಧಿ ಹೇಳು. ನಾನು ಕ್ಷಮೆ ಕೇಳಲು ಬರೆದಿಲ್ಲ.

ಕೂಸು ನನಗೆ ಅವ್ವ ಅನ್ನಲೊಲ್ಲದು. ಎಲ್ಲರ ಮುಂದೆ ಉಡಿಯಲ್ಲಿ ಹಾಕಿದ ಮೇಲೆ ಈಗ ನಾನೇ ತಾಯಿ. ಪೇಢೆ ತೋರಿಸಿದೆ, ಗೊಂಬೆ ತೋರಿಸಿದೆ, ಒಂದೆರಡು ಸಲ ಹೊಡೆದೂ ನೋಡಿದೆ. ಬಾಯಿ ಬಿಗಿ ಹಿಡಿಯುತ್ತಾಳೆ. ನಮ್ಮ ಅತ್ತೆ "ನಿನಗೆಲ್ಲಿ ಅವ್ವ ಅಂತೈತಿ, ಬರಡಿಗೆ?" ಎಂದು ಮತ್ತೆ ಶುರು ಮಾಡಿದ್ದಾರೆ. ಅಂದು ನೀನು ಬಿದ್ದದ್ದನ್ನು ನೋಡಿದಾಗಿನಿಂದ ಹೀಗೆ. ತಾನು ಅವ್ವಾ ಎಂದದ್ದಕ್ಕೇ ನೀನು ಬಿದ್ದೆ ಎಂದು ತಿಳಿದಿದ್ದಾಳೆ. ಎದುರು ಮನೆಯ ಹುಡುಗಿ ಅವ್ವಾ ಎಂದು ಕೂಗಿದರೆ ಚೀರಿಕೊಂಡು ಓಡಿಹೋಗಿ, ಆ ಹೆಂಗಸು ಬಿದ್ದಳೇ ಎಂದು ನೋಡಿ ಬರುತ್ತಾಳೆ. "ಅವ್ವಾ ಅನ್ನು" ಎಂದು ನಾನು ಅಂದರೆ ಅಂಗೈಯಿಂದ ನನ್ನ ಬಾಯಿ ಮುಚ್ಚುತ್ತಾಳೆ. ಆಮೇಲೆ ನಾನು ಬೀಳಬಾರದೆಂದು ನನ್ನ ಮೊಳಕಾಲು ಎರಡನ್ನೂ ಅಪ್ಪಿ ಹಿಡಿದು ನಿಲ್ಲುತ್ತಾಳೆ.

ನೀನೇ ದಾರಿ ತೋರಿಸಬೇಕು. ಒಮ್ಮೆ ಬಾ. ಅವಳ ಮುಂದೆ ನಿಂತು, ಅವಳ ಕೈಲಿ ಆ ಮಾತು ಅನ್ನಿಸಿ, ಬೀಳದೆ ನಿಂತು ತೋರಿಸು. ಹೆದರಿಕೆ ಬಿಟ್ಟಿತೆಂದರೆ ಮುಂದೆ ನನಗೂ ಅನ್ನುತ್ತಾಳೆ.

ಭಾಗ್ಯಶ್ರೀ


ಹಳೇ ಹುಬ್ಬಳ್ಳಿ
೧೩ ಜುಲೈ ೨೦೨೫

ಭಾಗ್ಯಶ್ರೀ,

ನಿನ್ನ ಕಾಗದವನ್ನು ಹಿತ್ತಲಲ್ಲಿ ನಿಂತೇ ಬಿಡಿಸಿದೆ. ನಿನ್ನ ಕಾಗದದಲ್ಲಿ ನನಗೆ ಖುಷಿಯಾಗುವಂಥದ್ದು ಇನ್ನೇನಿರುತ್ತದೆ ಎಂದುಕೊಂಡಿದ್ದೆ. "ನನಗೆ ಅವ್ವ ಅನ್ನಲೊಲ್ಲದು" ಎಂಬಲ್ಲಿಗೆ ಬಂದಾಗ ನಗು ಬಂತು. ಅಪ್ಪನನ್ನು ನೆನೆಯಬೇಕೆನ್ನಿಸಲಿಲ್ಲ. ತಡೆಯದೆ ನಕ್ಕೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದೆ. ಹಣೆ ಒಡೆಯಿತು. ಬಿದ್ದುಕೊಂಡೂ ಒಳಗೆ ನಗುತ್ತಿದ್ದೆ, ಹಾಡಿ ಕುಣಿಯಬೇಕೆನ್ನುವಷ್ಟು ಸುಖವಾಗಿತ್ತು. ಹಾಳಾಗಿ ಹೋಗು, ನಿನಗೆ ಹಾಗೇ ಆಗಬೇಕು ಎಂದುಕೊಂಡೆ. ಬಿಬಿಜಾನ ಬಂದು ಅರಿಸಿನ ಒತ್ತಿ ಎಬ್ಬಿಸಿದಳು.

ಉಳಿದ ಸಾಲು ಆಮೇಲೆ ಓದಿದೆ. ಬಾಯಿ ಮುಚ್ಚುತ್ತಾಳೆ ಎಂಬುದನ್ನು, ಮೊಳಕಾಲು ಅಪ್ಪಿ ಹಿಡಿಯುತ್ತಾಳೆ ಎಂಬುದನ್ನು. ಹೊಡೆದೆ ಎಂಬುದನ್ನು. ನಾನು ನಕ್ಕದ್ದು ನಿನ್ನನ್ನು ನೋಡಿ ಅಲ್ಲ, ನನ್ನ ಕೂಸಿನ ಹೆದರಿಕೆಯನ್ನು ನೋಡಿ ಎಂದು ಆಗ ತಿಳಿಯಿತು. ಆ ಹೊತ್ತಿನಿಂದ ಕಾಲು ಗಟ್ಟಿಯಾಗಿ ನಿಂತಿವೆ, ಏನು ನೆನೆದರೂ ನಡುಗುವುದಿಲ್ಲ.

ನಾನು ಬರುವುದಿಲ್ಲ. ಕಾಲು ಎಷ್ಟೇ ಗಟ್ಟಿಯಾಗಿದ್ದರೂ ಅವಳು ಆ ಮಾತು ಅಂದರೆ ನಾನು ಬೀಳುತ್ತೇನೆ, ಅವಳು ಇನ್ನೊಮ್ಮೆ ಅದನ್ನು ನೋಡಬಾರದು. ಹೊಡೆಯಬೇಡ. ಅನ್ನು ಎಂದು ಕಾಡಬೇಡ. ಬಿದ್ದಾಕಿ ಎದ್ದಾಳ, ಅರಾಮ ಅದಾಳ, ರೊಟ್ಟಿ ಬಡಿಯಾಕತ್ಯಾಳ ಎಂದು ದಿನಾ ಹೇಳು, ಅವಳು ನಂಬುವ ತನಕ ಹೇಳು. ನನ್ನ ಸಲುವಾಗಿ ಬೇಡ, ಅವಳ ಸಲುವಾಗಿ ಹೇಳು.

ದಾಕ್ಷಾಯಿಣಿ